ವಿಕಲಚೇತನರ ಸಂಘಕ್ಕೆ ಸಂಬಳವಿಲ್ಲದ ಅಧ್ಯಕ್ಷರು ಎಲ್ಲಿ ಸಿಗುತ್ತಾರೆ?

ಪ್ರಶ್ನೆ: ನಮ್ಮದು ಜಿಲ್ಲಾ ಕೇಂದ್ರದಲ್ಲಿರುವ ನೋಂದಾಯಿತ ವಿಕಲಚೇತನರ ಸಂಘ. ಸ್ಥಾಪಕ ಅಧ್ಯಕ್ಷರಿಗೆ ವಯಸ್ಸಾಗಿದೆ, ಬಿಡುತ್ತೇನೆ ಎನ್ನುತ್ತಿದ್ದಾರೆ. ಊರಿನ ಉದ್ಯಮಿಯೊಬ್ಬರನ್ನು ಕೂರಿಸಿದರೆ ದೇಣಿಗೆಯೂ ಬಂದೀತು ಎಂಬುದು ಕೆಲವರ ಸಲಹೆ. ಒಪ್ಪಬಹುದೇ?

ಉತ್ತರ: ಉದ್ಯಮಿಗಳನ್ನು ಪೋಷಕರನ್ನಾಗಿ ಮಾಡಿಕೊಳ್ಳಿ, ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿ. ಅಧ್ಯಕ್ಷರ ಕೆಲಸದ ಬಗೆಯೇ ಬೇರೆ. ಅನುದಾನ ತಡವಾದ ತಿಂಗಳು ಹಾಸ್ಟೆಲ್ಲಿನ ಊಟ ಹೇಗೆ ನಡೆಯುತ್ತದೆ ಎಂದು ಕಾರ್ಯದರ್ಶಿಯನ್ನು ಕೂರಿಸಿಕೊಂಡು ಕೇಳಬೇಕು. ಸಿಬ್ಬಂದಿಯ ಮೇಲೆ ದೂರು ಬಂದರೆ ಮುಚ್ಚಿಹಾಕದೆ ವಿಚಾರಿಸಬೇಕು. ಇದಕ್ಕೆ ಹೆಸರಿಗಿಂತ ಬಿಡುವು ಮುಖ್ಯ, ಬಿಡುವಿಗಿಂತ ‘ಆಗಲ್ಲ’ ಎನ್ನುವ ಎದೆಗಾರಿಕೆ ಮುಖ್ಯ.

ಹುಡುಕುವ ಮೊದಲು ಬೈಲಾ ಓದಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಾಯಿಸಿದ ಸಂಘದಲ್ಲಿ ಅಧ್ಯಕ್ಷರ ಆಯ್ಕೆ ಬೈಲಾ ಹೇಳಿದಂತೆಯೇ ಆಗಬೇಕು. ಸದಸ್ಯರೇ ಅಧ್ಯಕ್ಷರಾಗಬೇಕು, ಸದಸ್ಯತ್ವಕ್ಕೆ ಇಷ್ಟು ಕಾಲ ತುಂಬಿರಬೇಕು ಎಂಬ ಷರತ್ತು ಹಲವು ಬೈಲಾಗಳಲ್ಲಿದೆ. ಹಾಗಿದ್ದರೆ ಹೊರಗಿನವರನ್ನು ಈಗಲೇ ಸದಸ್ಯರನ್ನಾಗಿ ಮಾಡಿಕೊಳ್ಳಿ. ಕೆಲಕಾಲ ಸಮಿತಿಯಲ್ಲಿ ಕೂತು ನೋಡಿದರೆ ಅವರಿಗೂ ನಿಮಗೂ ಒಳ್ಳೆಯದೇ.

ಇನ್ನು ಎಲ್ಲಿ ಹುಡುಕುವುದು? ವಿಕಲಚೇತನರ ಸಂಘಕ್ಕೆ ವಿಕಲಚೇತನರೇ ಅಧ್ಯಕ್ಷರಾಗುವುದು ವಿಶೇಷವೇನೂ ಆಗಬಾರದು. ಬೆಂಗಳೂರಿನ ವಿಕಲಚೇತನರ ಸಂಸ್ಥೆ ‘ಸಮರ್ಥನಂ’ ಅನ್ನು 1997ರಲ್ಲಿ ಕಟ್ಟಿದ ಜಿ.ಕೆ. ಮಹಾಂತೇಶ್ ಅವರಿಗೆ ದೃಷ್ಟಿಯಿಲ್ಲ. ಆದರೂ ಎಷ್ಟೋ ಸಂಘಗಳಲ್ಲಿ ವಿಕಲಚೇತನರಿಗೆ ಸಿಗುವುದು ಫಲಾನುಭವಿಗಳ ಪಟ್ಟಿಯಲ್ಲಿ ಮಾತ್ರ ಜಾಗ! 1995ರ ಅಂಗವಿಕಲರ ಕಾಯ್ದೆ ಸರ್ಕಾರಿ ನೌಕರಿಯಲ್ಲಿ ಶೇ. 3 ಮೀಸಲಾತಿ ತಂದಿತು. ಆ ಅವಕಾಶದಲ್ಲಿ ಬ್ಯಾಂಕು, ಶಾಲೆ, ಕಚೇರಿಗಳಿಗೆ ಸೇರಿದ ಮೊದಲ ತಲೆಮಾರು ಈಗ ನಿವೃತ್ತಿಯ ಆಸುಪಾಸಿನಲ್ಲಿದೆ. ಲೆಕ್ಕ ಗೊತ್ತು, ಕಡತ ಗೊತ್ತು, ರ‍್ಯಾಂಪ್ ಇಲ್ಲದ ಕಚೇರಿಯ ಕಷ್ಟವೂ ಗೊತ್ತು. ಅಂಥವರು ಯಾರಿದ್ದಾರೆಂದು ತಾಲ್ಲೂಕಿನ ಎಂ.ಆರ್.ಡಬ್ಲ್ಯು. (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು), ಪಂಚಾಯಿತಿಗಳ ವಿ.ಆರ್.ಡಬ್ಲ್ಯು.ಗಳನ್ನು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಕೇಳಿ. ಬುದ್ಧಿಮಾಂದ್ಯ ಮಕ್ಕಳ ಸಂಸ್ಥೆಯಾದರೆ ತಂದೆತಾಯಂದಿರಲ್ಲೂ ನೋಡಿ.

ಸಿಕ್ಕವರಿಗೆ ‘ಸುಮ್ಮನೆ ಬಂದು ಕೂತರೆ ಸಾಕು ಸಾರ್’ ಎನ್ನಬೇಡಿ. ತಿಂಗಳಿಗೆ ಎಷ್ಟು ಹೊತ್ತು ಬೇಕು, ಅವಧಿ ಎಷ್ಟು ವರ್ಷ, ಯಾವ ಕಾಗದಗಳಿಗೆ ಸಹಿ, ಬಾಕಿ ಸಾಲವೆಷ್ಟು, ಕೋರ್ಟ್ ಕೇಸುಗಳಿವೆಯೇ ಎಲ್ಲವನ್ನೂ ಒಂದು ಪುಟದಲ್ಲಿ ಬರೆದು ಕೊಡಿ. ಕಳೆದ ಮೂರು ವರ್ಷದ ಆಡಿಟ್ ವರದಿ ಜೊತೆಗಿರಲಿ. ಸಂಬಳವಿಲ್ಲ ಎಂದರೆ ಕೈಯಿಂದ ಹಾಕಬೇಕು ಎಂದಲ್ಲ: ಆಟೋ ಖರ್ಚು, ಸಂಜ್ಞಾ ಭಾಷೆಯ ದುಭಾಷಿಯ ಶುಲ್ಕ ಸಂಘದ ಬಜೆಟ್ಟಿನಲ್ಲೇ ಇರಲಿ, ರಸೀದಿ ಇಟ್ಟುಕೊಳ್ಳಿ.

ಆಯ್ಕೆಯಾದ ಮೇಲೆ ಪದಾಧಿಕಾರಿಗಳ ಹೊಸ ಪಟ್ಟಿಯನ್ನು ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಿ. ವಿದೇಶಿ ದೇಣಿಗೆಗೆ ಎಫ್‌ಸಿಆರ್‌ಎ ನೋಂದಣಿ ಇದ್ದರೆ ಕೇಂದ್ರ ಗೃಹ ಸಚಿವಾಲಯಕ್ಕೂ ಆನ್‌ಲೈನಿನಲ್ಲಿ ತಿಳಿಸಬೇಕು. ಬ್ಯಾಂಕಿನಲ್ಲಿ ಹಳೆಯ ಸಹಿ ತೆಗೆಸುವುದನ್ನು ಮಾತ್ರ ‘ಆಮೇಲೆ ನೋಡೋಣ’ ಎಂದು ಮುಂದೂಡಬೇಡಿ. ಚೆಕ್ ಪುಸ್ತಕ ಸ್ಥಾಪಕರ ಮನೆಯಲ್ಲೇ ಉಳಿದರೆ ಸಂಘಕ್ಕೆ ಇಬ್ಬರು ಅಧ್ಯಕ್ಷರಾಗುತ್ತಾರೆ, ಹೊಸಬರು ವರ್ಷ ತುಂಬುವುದರೊಳಗೆ ರಾಜೀನಾಮೆ ಕೊಟ್ಟಾರು.