ಲಿವರ್‌ಗೆ ಆತುರ, ವೈನ್‌ಗೆ ನಿಧಾನ

ಫ್ರಾನ್ಸಿನಲ್ಲಿ ಕರುವಿನ ಲಿವರ್ ಅನ್ನು ರೆಡ್ ವೈನ್ ಸಾಸ್ ಜೊತೆ ಬಡಿಸುವುದುಂಟು. ಕೇಳಿದ ತಕ್ಷಣ ಲಿವರ್ ತುಂಡುಗಳನ್ನು ವೈನ್‌ಗೆ ಹಾಕಿ ಕುದಿಸುತ್ತಾರೆ ಅನಿಸುತ್ತದೆ, ಅಲ್ವಾ? ಹಾಗೆ ಮಾಡಿದರೆ ತಟ್ಟೆಗೆ ಬರುವುದು ರಬ್ಬರು.

ಕಾಲಿನ ಮಾಂಸದಲ್ಲಿ ಕೊಲ್ಯಾಜೆನ್ ಎಂಬ ಗಟ್ಟಿ ನಾರು ಜಾಸ್ತಿ. ಗಂಟೆಗಟ್ಟಲೆ ಬೆಂದರೆ ಅದು ಜೆಲಾಟಿನ್ ಆಗಿ ಕರಗುತ್ತದೆ. ಅದಕ್ಕೇ ಕಾಲು ಬೆಂದಷ್ಟೂ ಮೆತ್ತಗೆ. ಲಿವರ್‌ನಲ್ಲಿ ಈ ನಾರು ತೀರಾ ಕಡಿಮೆ. ಉರಿ ಮುಂದುವರಿದರೆ ಪ್ರೋಟೀನ್‌ಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡು ಒಳಗಿನ ನೀರನ್ನು ಹಿಂಡಿಬಿಡುತ್ತವೆ. ಆಮೇಲೆ ಎಷ್ಟು ಸಾಸ್ ಸುರಿದರೂ ತುಂಡು ಒಣ ಒಣ, ಮರಳು ಮರಳು.

ಹಾಗಾಗಿ ಲಿವರ್‌ಗೆ ಚೆನ್ನಾಗಿ ಕಾದ ಬಾಣಲೆ, ಕೆಲವೇ ನಿಮಿಷ. ಮೊದಲು ಅದರ ಪಸೆಯನ್ನು ಬಟ್ಟೆಯಲ್ಲಿ ಒತ್ತಿ ತೆಗೆಯಬೇಕು. ನೀರಿದ್ದಷ್ಟು ಹೊತ್ತು ಮೇಲ್ಮೈ 100 ಡಿಗ್ರಿ ದಾಟುವುದಿಲ್ಲ. ಕಂದು ಬಣ್ಣ ಚೆನ್ನಾಗಿ ಬರಲು ಸುಮಾರು 140 ಡಿಗ್ರಿ ಬೇಕು. ಪ್ರೋಟೀನ್ ಮತ್ತು ಸಕ್ಕರೆ ಸೇರಿ ಹೀಗೆ ಕಂದಾಗುವುದನ್ನು 1912ರಲ್ಲಿ ವಿವರಿಸಿದವನೂ ಫ್ರೆಂಚನೇ, ಲೂಯಿ ಕಮೀಲ್ ಮಯ್ಯಾರ್. ಲಿವರ್ ದೇಹದ ಸಕ್ಕರೆ ಉಗ್ರಾಣ. ಅಲ್ಲಿರುವ ಗ್ಲೈಕೋಜೆನ್ ಒಡೆದು ಗ್ಲೂಕೋಸ್ ಆಗುವುದರಿಂದ ತುಂಡು ಬೇಗ ಕಂದಾಗುತ್ತದೆ, ಸ್ವಲ್ಪ ಸಿಹಿಯೂ ಇರುತ್ತದೆ. ಫ್ರೆಂಚರಿಗೆ ನಡುವೆ ಗುಲಾಬಿ ಬಣ್ಣ ಉಳಿದರೆ ಇಷ್ಟ. ಆದರೆ ಸುರಕ್ಷತೆಗೆ ಒಳಗಡೆ 71 ಡಿಗ್ರಿ ಮುಟ್ಟಬೇಕು ಅನ್ನುವುದು ಅಮೆರಿಕದ ಕೃಷಿ ಇಲಾಖೆಯ ಸಲಹೆ. ನನ್ನ ಓಟು ಅದಕ್ಕೇ.

ಲಿವರ್ ಎತ್ತಿಟ್ಟ ಮೇಲೆ ತಳದಲ್ಲಿ ಕಂದು ಚಕ್ಕೆ ಅಂಟಿರುತ್ತದಲ್ಲ, ಅದನ್ನು ತೊಳೆದು ಚೆಲ್ಲಬೇಡಿ. ರುಚಿ ಇರುವುದೇ ಅಲ್ಲಿ. ಅದೇ ಬಾಣಲೆಯಲ್ಲಿ ಸಾಂಬಾರ್ ಈರುಳ್ಳಿ ಬಾಡಿಸಿ, ವೈನ್ ಸುರಿದು, ಸೌಟಿನಿಂದ ತಳ ಕೆರೆಯುತ್ತಾರೆ. ನೀರಿನಲ್ಲಿ ಕರಗದ ಕೆಲವು ಘಮಗಳು ಆಲ್ಕೋಹಾಲ್‌ನಲ್ಲಿ ಕರಗುತ್ತವೆ. ಫ್ರಾನ್ಸಿನ ವೈನ್ ಊರು ಬೋರ್ಡೋ ಕಡೆಯ ಸಾಸ್‌ಗಾದರೆ ಮೂಳೆಯ ಮಜ್ಜೆಯೂ ಬೀಳುತ್ತದೆ.

ಆಲ್ಕೋಹಾಲ್ 78 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ಪೂರ್ತಿ ಹಾರಿಹೋಗುತ್ತದೆ ಅಂತ ಸುಮಾರು ಜನ ನಂಬಿದ್ದಾರೆ. ಅದೇ ಕೃಷಿ ಇಲಾಖೆಯ ಲೆಕ್ಕದಲ್ಲಿ 15 ನಿಮಿಷ ಕುದಿಸಿದರೂ ಸುಮಾರು ಶೇಕಡಾ 40 ಉಳಿದಿರುತ್ತದೆ. ವೈನ್ ಮುಟ್ಟದ ನೆಂಟರು ಊಟಕ್ಕಿದ್ದರೆ ಮೊದಲೇ ಹೇಳಿಬಿಡಿ.

ವೈನ್ ಬತ್ತಿದಂತೆ ಹುಳಿ, ಒಗರು ಎರಡೂ ಏರುತ್ತವೆ. ಒಗರಿಗೆ ಕಾರಣ ಟ್ಯಾನಿನ್. ಮೂಳೆ ಸಾರು ಹಾಕಿದರೆ ಅದರ ಜೆಲಾಟಿನ್ ಟ್ಯಾನಿನ್ ಅನ್ನು ಹಿಡಿದುಕೊಂಡು ಒಗರು ತಗ್ಗಿಸುತ್ತದೆ. ಕೊನೆಗೆ ಒಲೆ ಆರಿಸಿ, ತಣ್ಣನೆಯ ಬೆಣ್ಣೆ ಹಾಕಿ ತಿರುವಬೇಕು. ಮತ್ತೆ ಕುದಿಸಿದರೆ ಕೊಬ್ಬು ಬೇರೆಯಾಗಿ ತೇಲುತ್ತದೆ. ಲಿವರ್ ಇಟ್ಟ ತಟ್ಟೆಯಲ್ಲಿ ಇಳಿದ ರಸವನ್ನು ಬೆಣ್ಣೆಗೆ ಮುಂಚೆಯೇ ಸಾಸ್‌ಗೆ ಸೇರಿಸಿ ಒಂದು ಕುದಿ ಬರಿಸಿ. ಹಾಂ, ಬಾಣಲೆ ಸ್ಟೀಲಿನದೇ ಇರಲಿ. ವೈನ್‌ನ ಹುಳಿಗೆ ಅಲ್ಯೂಮಿನಿಯಂ ಆಗಿಬರುವುದಿಲ್ಲ, ಸಾಸ್ ಲೋಹದ ರುಚಿ ಹೊಡೆಯುತ್ತದೆ.