ರೊಮಾನೆ ಕೊಂತಿ: ಒಂದು ಹೊಲದ ಹೆಸರು

ರೊಮಾನೆ ಕೊಂತಿ ಎಂಬ ಕೆಂಪು ವೈನಿನ ಬಾಟಲಿಯ ಲೇಬಲ್ಲಿನಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ಬಿಳಿ ಕಾಗದದ ಮೇಲೆ ಬರೀ ಅಕ್ಷರ. ಹತ್ತಿರದಿಂದ ಓದಿದರೆ ಅದೇ ಹೆಸರು ಮೂರು ಸಲ ಸಿಗುತ್ತದೆ. ಮೇಲಿನ ಸಾಲಿನಲ್ಲಿ ವೈನ್ ಮಾಡುವ ಸಂಸ್ಥೆಯ ಹೆಸರಿನೊಳಗೆ ಒಮ್ಮೆ, ನಡುವೆ ದಪ್ಪಕ್ಷರದಲ್ಲಿ ಒಮ್ಮೆ, ಅದರ ಕೆಳಗೆ ಫ್ರಾನ್ಸಿನ ಕಾನೂನು ಒಪ್ಪಿದ ಮೂಲಸ್ಥಾನದ ಹೆಸರಾಗಿ ಇನ್ನೊಮ್ಮೆ. ಇನ್ನೂ ಕೆಳಗೆ ಆ ವರ್ಷ ಒಟ್ಟು ಎಷ್ಟು ಬಾಟಲಿ ಬಂತು, ಕೈಯಲ್ಲಿರುವುದು ಅದರಲ್ಲಿ ಎಷ್ಟನೆಯದು ಎಂಬ ಲೆಕ್ಕ.

ಮಾಡುವವರ ಹೆಸರೂ ಅದೇ, ಮಾಡಿದ ವೈನಿನ ಹೆಸರೂ ಅದೇ, ಬೆಳೆದ ಜಾಗದ ಹೆಸರೂ ಅದೇ. ಈ ಮೂರರಲ್ಲಿ ಮೊದಲು ಹುಟ್ಟಿದ್ದು ಜಾಗದ ಹೆಸರು. ಉಳಿದೆರಡೂ ಅದರಿಂದ ಪಡೆದ ಸಾಲ. ಈ ಪದದ ಅರ್ಥ ಹಿಡಿಯಲು ಇಲ್ಲಿಂದಲೇ ಹೊರಡಬೇಕು.

ನಮಗೆ ಇದು ಕಷ್ಟದ ಮಾತೇನಲ್ಲ. ಬಾವಿ ಹೊಲ, ಗುಡಿ ಹೊಲ, ಹುಣಸೇಮರದ ಹೊಲ, ಕೆರೆ ಕೆಳಗಿನ ಗದ್ದೆ ಅಂತ ನಮ್ಮ ಊರುಗಳಲ್ಲಿ ಪ್ರತಿ ತುಂಡು ಭೂಮಿಗೂ ಹೆಸರಿದೆ. ಒಡೆಯರು ಬದಲಾದರೂ, ಆ ಹುಣಸೇಮರವೇ ಹೋದರೂ ಹೆಸರು ಹೋಗುವುದಿಲ್ಲ. ಯಾವ ಹೊಲದ ಜೋಳಕ್ಕೆ ರುಚಿ ಹೆಚ್ಚು ಎಂಬುದು ಮನೆಯ ಹಿರಿಯರಿಗೆ ಗೊತ್ತಿರುತ್ತದೆ. ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದವರು ಇದೇ ತಿಳಿವಳಿಕೆಯನ್ನು ಶತಮಾನಗಳ ಕಾಲ ಜತನದಿಂದ ಕಾಪಾಡಿಕೊಂಡು, ಕೊನೆಗೆ ಕಾನೂನನ್ನಾಗಿಯೇ ಮಾಡಿಕೊಂಡರು. ಹೀಗೆ ಎಲ್ಲೆ ಗುರುತಿಸಿ ಹೆಸರಿಟ್ಟ ದ್ರಾಕ್ಷಿ ಹೊಲಕ್ಕೆ ಅವರು ‘ಕ್ಲಿಮಾ’ ಎನ್ನುತ್ತಾರೆ. ಹವಾಮಾನ ಎಂಬ ಅರ್ಥದ ಫ್ರೆಂಚ್ ಪದವೂ ಅದೇ ಆದರೂ ಅಲ್ಲಿ ಅದಕ್ಕೆ ಇಂತಿಂಥ ಮಣ್ಣಿನ, ಇಂತಿಂಥ ಇಳಿಜಾರಿನ, ಇಂಥ ಹೆಸರಿನ ತುಂಡು ಭೂಮಿ ಎಂದೇ ಅರ್ಥ. ಬರ್ಗಂಡಿಯ ಇಂಥ 1,247 ಕ್ಲಿಮಾಗಳನ್ನು 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ರೊಮಾನೆ ಕೊಂತಿ ಅವುಗಳಲ್ಲಿ ಒಂದು.

ಅದರ ವಿಸ್ತೀರ್ಣ 1.81 ಹೆಕ್ಟೇರ್. ನಮ್ಮ ಪಹಣಿಯ ಲೆಕ್ಕದಲ್ಲಿ ಸುಮಾರು 4 ಎಕರೆ 19 ಗುಂಟೆ. ಇರುವುದು ವೋನ್ ರೊಮಾನೆ ಎಂಬ ಹಳ್ಳಿಯ ಹಿಂದಿನ ಇಳಿಜಾರಿನಲ್ಲಿ, ಪೂರ್ವಕ್ಕೆ ಮುಖ ಮಾಡಿ. ಕೆಳಗೆ ಸುಣ್ಣಕಲ್ಲು, ಮೇಲೆ ಜೇಡಿ ಬೆರೆತ ಕಂದು ಮಣ್ಣು. ಬೆಳೆಯುವುದು ತೆಳು ಸಿಪ್ಪೆಯ ಪಿನೋ ನ್ವಾರ್ ದ್ರಾಕ್ಷಿ. ವರ್ಷಕ್ಕೆ ಸಾಮಾನ್ಯವಾಗಿ 5,000ದಿಂದ 6,000 ಬಾಟಲಿ ಬರುತ್ತದೆ, ಲೋಕಕ್ಕೆಲ್ಲ ಅಷ್ಟೇ.

ಸುತ್ತಲಿನ ಹೊಲಗಳನ್ನು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಮೇಲುಗಡೆ ಒತ್ತಿಕೊಂಡಿರುವುದು ಒಂದು ಹೆಕ್ಟೇರಿಗಿಂತಲೂ ಚಿಕ್ಕದಾದ ಲಾ ರೊಮಾನೆ. ಉತ್ತರಕ್ಕೆ ರಿಶ್‌ಬೂರ್, ಕೆಳಗೆ ರೊಮಾನೆ ಸೇಂ ವಿವಾಂ, ದಕ್ಷಿಣಕ್ಕೆ ಲಾ ಗ್ರಾಂದ್ ರ‍್ಯೂ. ಎಲ್ಲದರಲ್ಲೂ ಅದೇ ತಳಿ, ಎಲ್ಲದಕ್ಕೂ ‘ಗ್ರಾಂ ಕ್ರ್ಯೂ’ ಎಂಬ ಮೊದಲ ದರ್ಜೆ. ನಡುವೆ ಇರುವುದು ಒಂದು ಕಾಲುದಾರಿ ಅಥವಾ ಮೊಣಕಾಲೆತ್ತರದ ಕಲ್ಲಿನ ಗೋಡೆ. ಆದರೂ ಗೋಡೆಯ ಆಚೆ ಬೆಳೆದ ಒಂದು ಗೊಂಚಲೂ ರೊಮಾನೆ ಕೊಂತಿ ಎನಿಸಿಕೊಳ್ಳುವಂತಿಲ್ಲ. 1936ರಿಂದ ಇದು ಫ್ರಾನ್ಸಿನ ಕಾನೂನು. ಬೋರ್ದೋ ಪ್ರಾಂತ್ಯದಲ್ಲಿ ಹೀಗಿಲ್ಲ. ಅಲ್ಲಿ ಹೆಸರು ‘ಶಾತೋ’ಗೆ, ಅಂದರೆ ಎಸ್ಟೇಟಿಗೆ ಸೇರಿದ್ದು. ಅಲ್ಲಿನ ಒಡೆಯ ತನ್ನ ಸೀಮೆಯಲ್ಲೇ ಪಕ್ಕದ ತೋಟ ಕೊಂಡರೆ ಅದರ ಹಣ್ಣೂ ಅದೇ ಹೆಸರಿನ ಬಾಟಲಿಗೆ ಹೋಗಬಹುದು. ಬರ್ಗಂಡಿಯ ಹೊಲ ಹಾಗೆ ಬೆಳೆಯುವುದಿಲ್ಲ.

ಇನ್ನು ಪದವನ್ನು ಬಿಡಿಸಿ ನೋಡೋಣ. ರೊಮಾನೆ ಎಂಬುದು ರೋಮನ್ನರ ನೆನಪು ಎಂದು ಹೇಳುವುದು ವಾಡಿಕೆ. ಮಧ್ಯಯುಗದಲ್ಲಿ ಈ ಭೂಮಿ ಸೇಂ ವಿವಾಂ ಮಠದ ಸನ್ಯಾಸಿಗಳ ಕೈಯಲ್ಲಿತ್ತು. 17ನೇ ಶತಮಾನದಲ್ಲಿ ಕ್ರೂನಂಬೂರ್ ಮನೆತನಕ್ಕೆ ಬಂತು, ರೊಮಾನೆ ಎಂಬ ಹೆಸರು ಅವರ ಕಾಲದಲ್ಲಿ ನೆಲೆನಿಂತಿತು. ಕೊಂತಿ ಸೇರಿದ್ದು ಆಮೇಲೆ. 1760ರಲ್ಲಿ ರಾಜಮನೆತನದ ಲೂಯಿ ಫ್ರಾಂಸ್ವಾ ದ ಬೂರ್ಬೋಂ, ಅಂದರೆ ಕೊಂತಿಯ ರಾಜಕುಮಾರ, ಈ ಹೊಲವನ್ನು ಕೊಂಡ. ದೊರೆ 15ನೇ ಲೂಯಿಯ ಪ್ರೇಯಸಿ ಪೊಂಪಾದೂರ್ ಕೂಡ ಇದರ ಮೇಲೆ ಕಣ್ಣಿಟ್ಟಿದ್ದಳು ಎಂಬ ಕತೆ ಬರ್ಗಂಡಿಯಲ್ಲಿ ಇಂದಿಗೂ ಓಡಾಡುತ್ತದೆ. ಫ್ರೆಂಚ್ ಕ್ರಾಂತಿ ಬಂದಾಗ ಸರ್ಕಾರ ಭೂಮಿಯನ್ನು ಮುಟ್ಟುಗೋಲು ಹಾಕಿಕೊಂಡು ಹರಾಜಿಗಿಟ್ಟಿತು. ಅರಸೊತ್ತಿಗೆಯನ್ನು ಕಿತ್ತೊಗೆದವರ ಕಾಲದಲ್ಲೇ ಒಬ್ಬ ರಾಜಕುಮಾರನ ಹೆಸರು ಹೊಲಕ್ಕೆ ಶಾಶ್ವತವಾಗಿ ಅಂಟಿಕೊಂಡಿತು. ಈ ಪದದ ಚರಿತ್ರೆಯಲ್ಲಿ ನನ್ನನ್ನು ಅತಿ ಹೆಚ್ಚು ಹಿಡಿದು ನಿಲ್ಲಿಸುವ ಸಂಗತಿಗಳಲ್ಲಿ ಇದೊಂದು.

ಇನ್ನೊಂದು 1945ರದು. 19ನೇ ಶತಮಾನದ ಎರಡನೇ ಅರ್ಧದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಹೇನಿನಂಥ ಕೀಟ ಫ್ರಾನ್ಸಿನ ದ್ರಾಕ್ಷಿಬಳ್ಳಿಗಳ ಬೇರನ್ನು ತಿಂದು ತೋಟ ತೋಟಗಳನ್ನೇ ಒಣಗಿಸಿತು. ಅಮೆರಿಕದ ಬಳ್ಳಿಗಳ ಬೇರು ಈ ಕೀಟವನ್ನು ತಾಳಿಕೊಳ್ಳುತ್ತಿತ್ತು. ಹಾಗಾಗಿ ಕೆಳಗೆ ಅಮೆರಿಕದ ಬೇರು, ಮೇಲೆ ಫ್ರಾನ್ಸಿನ ತಳಿ ಕಸಿ ಮಾಡುವುದೇ ದಾರಿಯಾಯಿತು. ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಈ ಕೆಲಸ ಚೆನ್ನಾಗಿ ಗೊತ್ತು. ಅವರು ಮೊದಲು ನೆಡುವ ಡಾಗ್ರಿಡ್ಜ್ ಅಮೆರಿಕ ಮೂಲದ ಬಳ್ಳಿ, ಥಾಮ್ಸನ್‌ನಂಥ ತಳಿಯನ್ನು ಆಮೇಲೆ ಅದರ ಮೇಲೆ ಕಸಿ ಕಟ್ಟುತ್ತಾರೆ. ಇಲ್ಲಿ ಅದು ಉಪ್ಪುನೀರು ಮತ್ತು ಬರಕ್ಕೆ ಮದ್ದು, ಅಲ್ಲಿ ಕೀಟಕ್ಕೆ.

ರೊಮಾನೆ ಕೊಂತಿಯ ಒಡೆಯರು ಮಾತ್ರ ಕಸಿಗೆ ಒಪ್ಪಲಿಲ್ಲ. ಮಣ್ಣಿಗೆ ಕಾರ್ಬನ್ ಡೈಸಲ್ಫೈಡ್ ಚುಚ್ಚಿ ಕೀಟವನ್ನು ತಡೆಯುತ್ತಾ, ಸ್ವಂತ ಬೇರಿನ ಹಳೆಯ ಬಳ್ಳಿಗಳನ್ನು ದಶಕಗಳ ಕಾಲ ಬದುಕಿಸಿಕೊಂಡು ಬಂದರು. ಎರಡನೇ ಮಹಾಯುದ್ಧ ಬಂದಾಗ ಆ ರಾಸಾಯನಿಕವೂ ಸಿಗದಾಯಿತು, ಆಳುಗಳೂ ಸಿಗದಾದರು. 1945ರಲ್ಲಿ ಬಸವಳಿದ ಆ ಬಳ್ಳಿಗಳು ಕೊಟ್ಟಿದ್ದು ಬರೀ 600 ಬಾಟಲಿ. ಬರ್ಗಂಡಿಯ ಪೀಪಾಯಿಗೆ 228 ಲೀಟರ್ ಹಿಡಿಯುತ್ತದೆ. ಎಂದರೆ ಎರಡು ಪೀಪಾಯಿ ತುಂಬುವಷ್ಟು. ಸುಗ್ಗಿ ಮುಗಿದ ಮೇಲೆ ಬಳ್ಳಿಗಳನ್ನೆಲ್ಲ ಕಿತ್ತರು. ಅದೇ ಸಂಸ್ಥೆಯ ಲಾ ತಾಶ್ ಹೊಲದ ಕಡ್ಡಿಗಳನ್ನು ಕಸಿ ಮಾಡಿ 1947ರಲ್ಲಿ ಹೊಸದಾಗಿ ನೆಟ್ಟರು. 1946ರಿಂದ 1951ರವರೆಗೆ ಆ ಹೆಸರಿನ ವೈನ್ ಇಲ್ಲವೇ ಇಲ್ಲ, ಮತ್ತೆ ಕಾಣಿಸಿದ್ದು 1952ರ ಬೆಳೆಯಿಂದ. ಬಳ್ಳಿ ಹೊಸದು, ಬೇರು ಪರದೇಶದ್ದು, ಆದರೂ ಹೆಸರು ಹಳೆಯದೇ. ಏಕೆಂದರೆ ಹೆಸರಿದ್ದದ್ದು ಬಳ್ಳಿಗಲ್ಲ, ನೆಲಕ್ಕೆ.

ಆ 600ರಲ್ಲಿ ಒಂದು ಬಾಟಲಿ 2018ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಸದಬೀಸ್ ಹರಾಜಿನಲ್ಲಿ 5,58,000 ಡಾಲರಿಗೆ ಹೋಯಿತು. ಸುದ್ದಿಯಾದದ್ದು ಬೆಲೆ. ಆದರೆ ಅಲ್ಲಿ ಬಿಕರಿಯಾದದ್ದು ಸ್ವಂತ ಬೇರಿನ ಬಳ್ಳಿಗಳ ಕೊನೆಯ ಸುಗ್ಗಿ ಎಂಬುದು ಗೊತ್ತಿಲ್ಲದೆ ಆ ಬೆಲೆಯನ್ನು ಓದಿದರೆ ಅರ್ಧ ಮಾತ್ರ ಓದಿದಂತೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ‘ದೊಮೇನ್ ದ ಲಾ ರೊಮಾನೆ ಕೊಂತಿ’ ಎಂಬುದು ಸಂಸ್ಥೆ. ವೈನ್ ಬಲ್ಲವರು ಚುಟುಕಾಗಿ ಡಿಆರ್‌ಸಿ ಎನ್ನುತ್ತಾರೆ. ದ ವಿಲೇನ್ ಮತ್ತು ಲ‍ರ‍್ವಾ ಎಂಬ ಎರಡು ಮನೆತನಗಳಿಗೆ ಸೇರಿದ್ದು. 1942ರಲ್ಲಿ ಆಂರಿ ಲ‍ರ‍್ವಾ ಅರ್ಧ ಪಾಲು ಕೊಂಡಾಗಿನಿಂದ ಹೀಗೆ. ಈ ಸಂಸ್ಥೆಗೆ ಬೇರೆ ಹೊಲಗಳೂ ಇವೆ. ಲಾ ತಾಶ್ ಪೂರ್ತಿ ಅದರದೇ. ರಿಶ್‌ಬೂರ್, ರೊಮಾನೆ ಸೇಂ ವಿವಾಂ, ಎಶೆಜೋಗಳಲ್ಲಿ ಪಾಲು, ಬಿಳಿ ವೈನಿಗೆ ಮೋಂರಾಶೆಯಲ್ಲಿ ಒಂದು ತುಂಡು. ಆದ್ದರಿಂದ ಬಾಟಲಿಯ ಮೇಲೆ ಡಿಆರ್‌ಸಿ ಹೆಸರು ಇದ್ದ ಮಾತ್ರಕ್ಕೆ ಒಳಗಿರುವುದು ರೊಮಾನೆ ಕೊಂತಿ ಆಗಬೇಕಿಲ್ಲ. ನಡುವಿನ ದಪ್ಪಕ್ಷರ ಏನನ್ನುತ್ತದೆ ಎಂದು ನೋಡಬೇಕು. ಇಡೀ ಕ್ಲಿಮಾ ಒಬ್ಬರದೇ ಆಗಿದ್ದರೆ ಅದಕ್ಕೆ ‘ಮೊನೊಪೋಲ್’ ಎಂಬ ಪದವಿದೆ. ಹತ್ತಿರದ ಕ್ಲೋ ದ ವೂಜೋ ಎಂಬ ಸುಮಾರು 50 ಹೆಕ್ಟೇರಿನ ತೋಟಕ್ಕೆ 80ರಷ್ಟು ಒಡೆಯರಿದ್ದಾರೆ. ಅಲ್ಲಿ ಹೊಲದ ಹೆಸರಿನ ಜೊತೆಗೆ ಯಾರು ಮಾಡಿದ್ದು ಎಂದೂ ಕೇಳಬೇಕಾಗುತ್ತದೆ. ರೊಮಾನೆ ಕೊಂತಿ ಪೂರ್ತಿ ಡಿಆರ್‌ಸಿಯದೇ ಆದ್ದರಿಂದ ಅದರ ವಿಷಯದಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ.

ಮಣ್ಣು ಗಟ್ಟಿಯಾಗಬಾರದೆಂದು ಈ ಹೊಲದಲ್ಲಿ ಕುದುರೆ ಕಟ್ಟಿ ಉಳುತ್ತಾರೆ. 2010ರಲ್ಲಿ ಒಬ್ಬ ಕೆಲವು ಬಳ್ಳಿಗಳ ಬುಡಕ್ಕೆ ರಂಧ್ರ ಕೊರೆದು, ಹಣ ಕೊಡದಿದ್ದರೆ ತೋಟಕ್ಕೆಲ್ಲ ವಿಷ ಹಾಕುತ್ತೇನೆಂದು ಬೆದರಿಕೆ ಹಾಕಿ ಸಿಕ್ಕಿಬಿದ್ದ. ಅಂಥ ಹೊಲಕ್ಕೆ ಇಂದಿಗೂ ಎತ್ತರದ ಬೇಲಿಯಿಲ್ಲ. ಅದೇ ತಗ್ಗು ಗೋಡೆ, ಗೋಡೆಯ ಮೇಲೆ ಒಂದು ಕಲ್ಲಿನ ಶಿಲುಬೆ, ಪಕ್ಕದಲ್ಲಿ ಹಳ್ಳಿಯ ದಾರಿ. ಅಲ್ಲೊಂದು ಚಿಕ್ಕ ಫಲಕವಿದೆ: ಈ ಜಾಗ ನೋಡಲು ಬಹಳ ಜನ ಬರುತ್ತೀರಿ, ಅದು ನಮಗೆ ಅರ್ಥವಾಗುತ್ತದೆ, ಆದರೂ ದಯವಿಟ್ಟು ದಾರಿಯಲ್ಲೇ ನಿಲ್ಲಿ, ಬಳ್ಳಿಗಳ ನಡುವೆ ಕಾಲಿಡಬೇಡಿ.