ಅರ್ಧ ಮಾತ್ರೆಯ ಹಿನ್ನೆಲೆ

ತೀರ್ಥಹಳ್ಳಿ, ಹೊಸನಗರ ಕಡೆ ತೋಟದ ಮನೆಗಳಲ್ಲಿ ವಯಸ್ಸಾದವರ ಔಷಧಿ ಡಬ್ಬ ತೆಗೆದು ನೋಡಿ. ಬಿಪಿ, ಶುಗರ್ ಮಾತ್ರೆಗಳ ನಡುವೆ ಪುಟ್ಟ ಶೀಟೊಂದು ಎಷ್ಟೋ ಕಡೆ ಸಿಗುತ್ತದೆ. ಆತಂಕಕ್ಕೆ, ನಿದ್ದೆಗೆ ಕೊಡುವ ಆಲ್ಪ್ರಜೋಲಾಮ್ 0.25 ಅಥವಾ ಕ್ಲೋನಜೆಪಾಮ್ 0.5 ಮಿಲಿಗ್ರಾಂ. ಒಂದನ್ನು ಉಗುರಿನಲ್ಲಿ ಮುರಿದು ಅರ್ಧ ನುಂಗಿ, ಉಳಿದರ್ಧವನ್ನು ಅದೇ ಗುಳಿಯೊಳಗೆ ಒತ್ತಿ ಮೇಲಿನ ಹಾಳೆ ಮುಚ್ಚಿಟ್ಟಿರುತ್ತಾರೆ. ‘ಅರ್ಧ ತಾನೇ, ಏನಾಗಲ್ಲ ಬಿಡಿ’ ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ ‘ಇವತ್ತಿಂದಲೇ ಬಿಟ್ಟುಬಿಡಮ್ಮ’ ಎಂದು ರೇಗುತ್ತಾನೆ. ಇಬ್ಬರೂ ಹೇಳುವುದು ಪೂರ್ತಿ ಸರಿಯಲ್ಲ. ಯಾಕೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನರಗಳನ್ನು ಶಾಂತಗೊಳಿಸಲು 1857ರಲ್ಲಿ ಬ್ರೋಮೈಡ್, ನಿದ್ದೆ ಬರಿಸಲು 1869ರಲ್ಲಿ ಕ್ಲೋರಲ್ ಹೈಡ್ರೇಟ್, 1903ರಲ್ಲಿ ಬಾರ್ಬಿಟಲ್ ಬಂತು. ಮುಂದಿನ ಐವತ್ತು ವರ್ಷ ಬಾರ್ಬಿಟಲ್ ಕುಟುಂಬದ ಬಾರ್ಬಿಟ್ಯುರೇಟ್‌ಗಳದ್ದೇ ಕಾಲ. ನಿದ್ದೆ ಬರಿಸುವ ಪ್ರಮಾಣಕ್ಕೂ ಉಸಿರು ನಿಲ್ಲಿಸುವ ಪ್ರಮಾಣಕ್ಕೂ ಅಂತರ ತೀರಾ ಕಡಿಮೆ ಇದ್ದ ಔಷಧಿಗಳವು. ಎಷ್ಟೋ ಜನ ಮಲಗಿದವರು ಏಳಲೇ ಇಲ್ಲ.

1957ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಲಿಯೋ ಸ್ಟರ್ನ್‌ಬ್ಯಾಕ್ ಎಂಬ ರಸಾಯನ ವಿಜ್ಞಾನಿಯ ಲ್ಯಾಬ್ ಕ್ಲೀನ್ ಮಾಡುವಾಗ, ಪರೀಕ್ಷೆಯೇ ಆಗದೆ ಉಳಿದಿದ್ದ ಒಂದು ಹಳೆಯ ಪುಡಿ ಸಿಕ್ಕಿತು. ಎಸೆಯುವ ಮುಂಚೆ ಒಮ್ಮೆ ನೋಡೋಣ ಎಂದು ಪ್ರಾಣಿಗಳಿಗೆ ಕೊಟ್ಟರು. ಅವು ಶಾಂತವಾದವು, ಆದರೆ ಬಾರ್ಬಿಟ್ಯುರೇಟ್ ಕೊಟ್ಟಾಗಿನಂತೆ ಮಂಕಾಗಲಿಲ್ಲ. 1960ರಲ್ಲಿ ಅದು ಲಿಬ್ರಿಯಂ ಹೆಸರಲ್ಲಿ ಮಾರುಕಟ್ಟೆಗೆ ಬಂತು. ಅದರ ತಮ್ಮನಂಥ ಡಯಾಜೆಪಾಮ್ 1963ರಲ್ಲಿ ವ್ಯಾಲಿಯಂ ಆಗಿ ಬಂತು. ನಮ್ಮ ಡಬ್ಬದ ಆಲ್ಪ್ರಜೋಲಾಮ್, ಕ್ಲೋನಜೆಪಾಮ್ ಎರಡೂ ಇದೇ ಬೆಂಜೊಡಯಜಪೀನ್ ಕುಟುಂಬದವು.

ಇದು ಮಿದುಳಿನಲ್ಲಿ ಏನು ಮಾಡುತ್ತದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಲೋಕವೆಲ್ಲ ನುಂಗಿತು.

ಗಾಬಾ ಎಂಬ ರಾಸಾಯನಿಕ ಮಿದುಳಿನಲ್ಲಿ ಇದೆ ಎಂದು 1950ರಲ್ಲೇ ಕಂಡುಕೊಂಡಿದ್ದರು. ನರಕೋಶಗಳ ಗದ್ದಲವನ್ನು ತಗ್ಗಿಸುವುದೇ ಅದರ ಕೆಲಸ ಎಂಬುದು ನಿಧಾನವಾಗಿ ಖಚಿತವಾಯಿತು. ಈ ಮಾತ್ರೆಗಳು ಅದೇ ಗಾಬಾದ ಕೆಲಸವನ್ನು ಹೆಚ್ಚಿಸುತ್ತವೆ ಎಂದು 1975ರಲ್ಲಿ ತಿಳಿಯಿತು. ಮಿದುಳಿನಲ್ಲಿ ಅವು ಅಂಟಿಕೊಳ್ಳುವ ಜಾಗ ಪತ್ತೆಯಾಗಿದ್ದು 1977ರಲ್ಲಿ.

ನರಕೋಶದ ಪೊರೆಯಲ್ಲಿ ಗಾಬಾ-ಎ ಎಂಬ ಗ್ರಾಹಕ, ಅಂದರೆ ಗಾಬಾ ಬಂದು ಕೂರುವ ರಿಸೆಪ್ಟರ್, ಇದೆ. ಐದು ಪ್ರೋಟೀನ್ ತುಂಡುಗಳು ಸುತ್ತ ನಿಂತು ನಡುವೆ ಒಂದು ಕಿರುದಾರಿ ಬಿಟ್ಟಿರುತ್ತವೆ. ಕೆರೆಯ ತೂಬು ಎಂದುಕೊಳ್ಳಿ. ಗಾಬಾ ಬಂದು ಕೂತರೆ ತೂಬು ತೆರೆದು ಕ್ಲೋರೈಡ್ ಒಳಗೆ ಹರಿಯುತ್ತದೆ. ಅದರದ್ದು ಋಣ ವಿದ್ಯುತ್, ಹಾಗಾಗಿ ಆ ಕೋಶ ಮುಂದಿನ ಕೋಶಕ್ಕೆ ಸಂದೇಶ ಕಳಿಸುವುದು ಕಷ್ಟವಾಗುತ್ತದೆ. ಡಯಾಜೆಪಾಮ್ ತಾನಾಗಿ ತೂಬು ತೆರೆಯುವುದಿಲ್ಲ. ಪಕ್ಕದ ಇನ್ನೊಂದು ಜಾಗದಲ್ಲಿ ಕೂತು, ಗಾಬಾ ಇದ್ದಾಗ ಅದು ಹೆಚ್ಚು ಸಲ ತೆರೆಯುವಂತೆ ಮಾಡುತ್ತದೆ. ಬಾರ್ಬಿಟ್ಯುರೇಟ್ ಹಾಗಲ್ಲ. ಒಮ್ಮೆ ತೆರೆದ ತೂಬನ್ನು ಜಾಸ್ತಿ ಹೊತ್ತು ತೆರೆದೇ ಇಡುತ್ತದೆ, ಪ್ರಮಾಣ ಹೆಚ್ಚಾದರೆ ಗಾಬಾ ಇಲ್ಲದೆಯೂ ತೆರೆಯುತ್ತದೆ. ಹಳೆಯ ಮಾತ್ರೆ ಅಷ್ಟು ಜೀವ ತೆಗೆದದ್ದು ಇದರಿಂದ. ಹೆಂಡ ಕೂಡ ಇದೇ ಗ್ರಾಹಕದ ಮೇಲೆ ಕೆಲಸ ಮಾಡುತ್ತದೆ. ಎರಡೂ ಸೇರಿದರೆ ಹೊಸ ಮಾತ್ರೆಯಿಂದಲೂ ಉಸಿರಾಟಕ್ಕೆ ಅಪಾಯ.

ಸಕ್ರೆಬೈಲಿನ ಆನೆ ಬಿಡಾರ ಹತ್ತಿರವಿರುವುದರಿಂದ ನಮ್ಮಲ್ಲಿ ಹಲವರು ಈ ಮಾತ್ರೆಯನ್ನೂ ಕಾಡಾನೆಗೆ ಹೊಡೆಯುವ ಅರಿವಳಿಕೆಯನ್ನೂ ಒಂದೇ ಎಂದುಕೊಳ್ಳುತ್ತಾರೆ. ಆನೆಗೆ ಬಳಸುವ ಜೈಲಜೀನ್ ದಾರಿಯೇ ಬೇರೆ. ಎಚ್ಚರವಾಗಿಡುವ ನಾರ್‌ಅಡ್ರಿನಲಿನ್ ಬಿಡುಗಡೆಯನ್ನೇ ಅದು ತಗ್ಗಿಸುತ್ತದೆ.

ದಿನಾ ಮಾತ್ರೆ ತೆಗೆದುಕೊಂಡರೆ ಮಿದುಳು ಅದಕ್ಕೆ ಹೊಂದಿಕೊಳ್ಳುತ್ತದೆ. ಗ್ರಾಹಕಗಳು ಮೊದಲಿನಷ್ಟು ಸ್ಪಂದಿಸುವುದಿಲ್ಲ, ಪ್ರಚೋದಿಸುವ ಕಡೆಯ ಕೋಶಗಳು ಜೋರಾಗುತ್ತವೆ. ಆಗ ಥಟ್ಟನೆ ನಿಲ್ಲಿಸಿದರೆ ನಿದ್ದೆ ಹೋಗುತ್ತದೆ, ಕೈ ನಡುಗುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ. ‘ನೋಡು, ಮಾತ್ರೆ ಇಲ್ಲದೆ ನನಗಾಗಲ್ಲ’ ಎಂದು ಅಮ್ಮ ಹೇಳುವುದು ಸುಮ್ನೆ ಅಲ್ಲ.

ಎರಡರಿಂದ ನಾಲ್ಕು ವಾರಕ್ಕಿಂತ ಹೆಚ್ಚು ಬೇಡ ಎಂದು ಬ್ರಿಟನ್ 1988ರಲ್ಲೇ ವೈದ್ಯರಿಗೆ ಹೇಳಿತ್ತು. ನಮ್ಮಲ್ಲಿ 2014ರಿಂದ ಆಲ್ಪ್ರಜೋಲಾಮ್, ಡಯಾಜೆಪಾಮ್ ಶೆಡ್ಯೂಲ್ ಎಚ್1 ಎಂಬ ಔಷಧಿ ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಕೊಡುವಂತಿಲ್ಲ, ಮೆಡಿಕಲ್ ಶಾಪಿನವರು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಒಳ್ಳೆಯ ನಿಯಮವೇ. ಆದರೆ ಯಜಮಾನರು ತೀರಿಕೊಂಡ ಹೊತ್ತಲ್ಲಿ ಹತ್ತು ದಿನಕ್ಕೆಂದು ಬರೆದ ಚೀಟಿ ವರ್ಷಗಟ್ಟಲೆ ಓಡುವುದನ್ನು ಅದೊಂದೇ ತಡೆಯಲಾರದು. ಯಾವಾಗ ನಿಲ್ಲಿಸಬೇಕು ಎಂದು ಯಾರೂ ಹೇಳಿರುವುದಿಲ್ಲ, ಇವರೂ ಕೇಳಿರುವುದಿಲ್ಲ. ಮಳೆಗಾಲದಲ್ಲಿ ಒಂಟಿ ಮನೆಯಿಂದ ಪೇಟೆಗೆ ಹೋಗುವುದು ಸುಲಭವೂ ಅಲ್ಲ.

ವಯಸ್ಸಾದ ದೇಹದಲ್ಲಿ ಡಯಾಜೆಪಾಮ್‌ನಂಥದ್ದು ದಿನಗಟ್ಟಲೆ ಉಳಿಯುತ್ತದೆ. ಪಾಚಿ ಕಟ್ಟಿದ ಅಂಗಳಕ್ಕೆ ಅಡಿಕೆ ದಬ್ಬೆ ಹಾಸಿ ಜಾಗ್ರತೆ ಮಾಡುವ ಮನೆಯವರು, ರಾತ್ರಿ ಎರಡು ಗಂಟೆಗೆ ಬಚ್ಚಲಿಗೆ ಎದ್ದವರು ತೂರಾಡಿ ಬಿದ್ದದ್ದಕ್ಕೆ ಮಾತ್ರೆಯೂ ಕಾರಣವಿರಬಹುದು ಎಂದು ಯೋಚಿಸುವುದು ಕಡಿಮೆ. ಸೊಂಟದ ಮೂಳೆ ಮುರಿದ ಮೇಲೆ ಎಷ್ಟೋ ಜನ ಮೊದಲಿನಂತೆ ಓಡಾಡುವುದಿಲ್ಲ.

ಬಿಡಲು ದಾರಿ ಇದೆ, ಆದರೆ ನಿಧಾನ. ವೈದ್ಯರು ವಾರ, ಎರಡು ವಾರಕ್ಕೊಮ್ಮೆ ಪ್ರಮಾಣ ಇಳಿಸುತ್ತಾ ಹೋಗುತ್ತಾರೆ. ಬಹಳ ವರ್ಷ ತೆಗೆದುಕೊಂಡವರಿಗೆ ತಿಂಗಳುಗಳೇ ಬೇಕು, ಕೊನೆಯ ಕಾಲು ಮಾತ್ರೆ ಬಿಡುವುದು ಹಲವರಿಗೆ ಎಲ್ಲಕ್ಕಿಂತ ಕಷ್ಟ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆಯೂ ಇದೆ. ಹೋಗುವಾಗ ಹಳೆಯ ಚೀಟಿ, ಆ ಶೀಟು ಎರಡನ್ನೂ ತೆಗೆದುಕೊಂಡು ಹೋಗಿ. ಅಲ್ಲಿಯವರೆಗೆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ.